ಕಾರು ಯಾರಿಗಾಗಿ?



ಮನೆಗೊಂದು ಕಾರು ಕೊಳ್ಳುವ ಮಾತು ಬಂದಾಗ ನಾವು ಕೇಳುವ ಪ್ರಶ್ನೆಗಳು ನಿಮಗೆ ಗೊತ್ತೇ ಇವೆ. ಬೆಲೆ ಎಷ್ಟು? ಲೀಟರಿಗೆ ಎಷ್ಟು ಓಡುತ್ತದೆ? ನಾಲ್ಕು ವರ್ಷ ಬಿಟ್ಟು ಮಾರಿದರೆ ಎಷ್ಟು ಕೈಗೆ ಬರುತ್ತದೆ? ಬಾಯಿಬಿಟ್ಟು ಹೇಳದಿದ್ದರೂ ಕೆಲವರ ಮನಸ್ಸಿನಲ್ಲಿ ಇನ್ನೊಂದು ಪ್ರಶ್ನೆಯೂ ಇರುತ್ತದೆ: ನಾಲ್ಕು ಜನರ ಕಣ್ಣಿಗೆ ಇದು ಹೇಗೆ ಕಾಣುತ್ತದೆ? ಆದರೆ ನಡೆಯಲಾರದ ಮಗುವೊಂದು ಇರುವ ಮನೆಯಲ್ಲಿ ಇವೆಲ್ಲಕ್ಕೂ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ. ಈ ಕಾರು ಯಾರಿಗಾಗಿ?

ಕುಟುಂಬದ ಪುಟದಲ್ಲಿ ಕಾರಿನ ಮಾತೇಕೆ ಎಂದು ನೀವು ಕೇಳಬಹುದು. ಇಂಥ ಮನೆಯಲ್ಲಿ ಕಾರು ಕೊಳ್ಳುವಾಗ ಮೂರು ಸಂಗತಿಗಳನ್ನು ಹಂಚಬೇಕಾಗುತ್ತದೆ: ಮನೆಯ ಹಣ, ತಾಯಿಯ ಮೈಶಕ್ತಿ, ಮಗುವಿನ ಆಸೆ. ಮೂರೂ ಮಿತವಾಗಿಯೇ ಇರುತ್ತವೆ. ಅವನ್ನು ಯಾರಿಗೆ ಎಷ್ಟು ಎಂದು ಹಂಚುವುದು ನ್ಯಾಯದ ಪ್ರಶ್ನೆ. ನ್ಯಾಯ ಕೋರ್ಟಿನಲ್ಲಿ ಮಾತ್ರ ಇರುವುದಿಲ್ಲ, ನಮ್ಮ ನಡುಮನೆಯಲ್ಲೂ ಇರಬೇಕು.

ನಮ್ಮ ಊರುಗಳ ದಾರಿ

ಮಧುಗಿರಿ, ಸಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳು ಸೇರಿ ಮಧುಗಿರಿ ಶೈಕ್ಷಣಿಕ ಜಿಲ್ಲೆ. ನಕ್ಷೆಯಲ್ಲಿ ಒಂದರ ಪಕ್ಕ ಒಂದು ಇವೆ. ಆದರೆ ಮಗುವನ್ನು ಹೊತ್ತು ಓಡಾಡುವವರಿಗೆ ಇಲ್ಲಿನ ದೂರ ಬೇರೆಯೇ. ಕೊರಟಗೆರೆಯಿಂದ ತುಮಕೂರಿಗೆ ಮೂವತ್ತು ಕಿಲೋಮೀಟರಿಗಿಂತ ಕಡಿಮೆ. ಮಧುಗಿರಿಯಿಂದ ನಲವತ್ತರ ಮೇಲೆ, ಸಿರಾದಿಂದ ಸುಮಾರು ಐವತ್ತು. ಪಾವಗಡದಿಂದಾದರೆ ನೂರರ ಹತ್ತಿರ. ದೊಡ್ಡ ತಪಾಸಣೆಗೆ ಬೆಂಗಳೂರಿಗೇ ಹೋಗಬೇಕೆಂದರೆ ಅಲ್ಲಿಂದ ಇನ್ನೂ 70 ಕಿಲೋಮೀಟರ್. ಪಾವಗಡವಂತೂ ಬಹುಪಾಲು ಆಂಧ್ರದ ನೆಲದಿಂದ ಸುತ್ತುವರಿದ ತಾಲ್ಲೂಕು.

ಈ ದಾರಿಯನ್ನು ಬಸ್ಸಿನಲ್ಲಿ ಕ್ರಮಿಸುವವರನ್ನು ನೆನೆಯಿರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸುಗಳಲ್ಲಿ ಟಿಕೆಟ್ ಇಲ್ಲ. ಅಂಗವಿಕಲರಿಗೆ ರಿಯಾಯಿತಿ ಪಾಸು ಇದೆ. ಅಂದರೆ ಹಣದ ಭಾರ ಇಳಿದಿದೆ. ಆದರೆ ಮೆಟ್ಟಿಲ ಎತ್ತರ ಇಳಿದಿಲ್ಲ. ಮಗು ಮೂರು ವರ್ಷದ್ದಾಗಿದ್ದಾಗ ಕಂಕುಳಲ್ಲಿ ಎತ್ತಿಕೊಂಡು ಹತ್ತಿದ ತಾಯಿ, ಅದು ಹನ್ನೆರಡು ವರ್ಷದ್ದಾಗಿ ಮೂವತ್ತು ಕಿಲೊ ತೂಗುವಾಗಲೂ ಹಾಗೆಯೇ ಎತ್ತಬೇಕು. ಒಂದು ಕೈಯಲ್ಲಿ ಮಗು, ಇನ್ನೊಂದರಲ್ಲಿ ಕಂಬಿ, ಹಿಂದೆ ಬೇಗ ಹತ್ತಮ್ಮ ಎನ್ನುವ ಜನ. ಬಸ್ಸು ಸಾಕೆಂದು ಬೈಕಿನ ಮೇಲೆ ಅಪ್ಪ ಅಮ್ಮನ ನಡುವೆ ಮಗುವನ್ನು ಸಿಕ್ಕಿಸಿಕೊಂಡು ಹೋಗುವವರೂ ಇದ್ದಾರೆ. ಕತ್ತು ನಿಲ್ಲದ, ಸೊಂಟ ನಿಲ್ಲದ ಮಗುವಿಗೆ ಅದು ಪ್ರಾಣಾಪಾಯದ ಪಯಣ.

ಒಂದು ಕಾಲಕ್ಕೆ ನಮ್ಮ ಹಳ್ಳಿಗಳಲ್ಲಿ ಕಾಲು ಸೋತ ಮಕ್ಕಳೆಂದರೆ ಪೋಲಿಯೊ ತಗುಲಿದವರು ಎಂದೇ ಅರ್ಥ. 2014ರ ಮಾರ್ಚ್ 27ರಂದು ನಮ್ಮ ದೇಶ ಪೋಲಿಯೊ ಮುಕ್ತವೆಂಬ ಪ್ರಮಾಣಪತ್ರ ದೊರೆಯಿತು. ಅದಕ್ಕಾಗಿ ದೇವರಿಗೂ, ಮನೆಮನೆಗೆ ಬಂದು ಹನಿ ಹಾಕಿದ ಆರೋಗ್ಯ ಕಾರ್ಯಕರ್ತೆಯರಿಗೂ ವಂದನೆ ಸಲ್ಲಬೇಕು. ಆದರೆ ಅಂಗವಿಕಲತೆ ಅಲ್ಲಿಗೇ ಮುಗಿಯಲಿಲ್ಲ. ಹೆರಿಗೆಯ ಹೊತ್ತಿನಲ್ಲಿ ಉಸಿರು ಕಟ್ಟಿ ಮಿದುಳಿಗೆ ಪೆಟ್ಟಾದ ಮಕ್ಕಳಿದ್ದಾರೆ. ಬೆನ್ನುಹುರಿಯ ದೋಷದೊಂದಿಗೆ ಹುಟ್ಟಿದವರು, ವರ್ಷದಿಂದ ವರ್ಷಕ್ಕೆ ಸ್ನಾಯುಗಳ ಬಲ ಕುಂದುತ್ತಿರುವವರು, ರಸ್ತೆ ಅಪಘಾತದಲ್ಲಿ ಕಾಲು ಕಳೆದುಕೊಂಡವರು ಇದ್ದಾರೆ. ಪಾವಗಡದ ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚೆಂಬುದು ದಶಕಗಳಿಂದ ಕೇಳುತ್ತಿರುವ ಮಾತು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದರೆ ಹಲ್ಲು ಕಂದುತ್ತದೆ, ಕೀಲು ಬಿಗಿಯುತ್ತದೆ. ಹೊಟ್ಟೆಗೂ ಸಾಲದ ಮಕ್ಕಳಾದರೆ ಬೆಳೆಯುವ ವಯಸ್ಸಿನಲ್ಲೇ ಕಾಲು ಸೊಟ್ಟಗಾಗಬಹುದು. ಆದ್ದರಿಂದ ಇದು ಯಾವುದೋ ದೂರದ ಊರಿನ ದೊಡ್ಡವರ ಸಮಸ್ಯೆಯಲ್ಲ, ನಮ್ಮ ಕೇರಿಯದೇ.

ಸಾಲ ಮಾಡಬಹುದೇ?

ಇಂಥ ಮನೆಯವರು ಕಾರು ಕೊಳ್ಳಲು ಹೊರಟರೆ ಎರಡು ಬಗೆಯ ಮಾತು ಕೇಳಿಬರುತ್ತದೆ. ಮೊದಲನೆಯದನ್ನು ನೆಂಟರು ತಗ್ಗಿದ ದನಿಯಲ್ಲಿ ಹೇಳುತ್ತಾರೆ: ದುಡಿದು ತರಲಾರದ ಮಗುವಿಗೆ ಇಷ್ಟೊಂದು ಖರ್ಚೇಕೆ? ಆ ಹಣದಲ್ಲಿ ಒಂದು ನಿವೇಶನ ಕೊಂಡರೆ ಉಳಿದ ಮಕ್ಕಳಿಗಾದರೂ ಆಗುತ್ತದೆ. ಇದಕ್ಕೆ ಉತ್ತರವನ್ನು ಅಂಜದೆ ಹೇಳಬೇಕು. ಮಗು ಬಂಡವಾಳವಲ್ಲ. ಮುಂದೆ ಎಷ್ಟು ದುಡಿಯುತ್ತದೆ ಎಂದು ನೋಡಿ ನಾವು ಯಾವ ಮಗುವಿಗೂ ಅನ್ನ ಇಕ್ಕುವುದಿಲ್ಲ. ಹಾಗಿರುವಾಗ ಈ ಒಂದು ಮಗುವಿಗೆ ಮಾತ್ರ ಆ ತಕ್ಕಡಿ ಹಿಡಿಯುವುದು ಪಾಪ.

ಎರಡನೆಯ ಮಾತು ತಂದೆತಾಯಿಯ ಎದೆಯಿಂದಲೇ ಬರುತ್ತದೆ: ನನ್ನ ಮಗುವಿಗೆ ದೇವರು ಕಾಲು ಕೊಡಲಿಲ್ಲ, ಹೊಲ ಮಾರಿಯಾದರೂ ದೊಡ್ಡ ಕಾರು ತರುತ್ತೇನೆ. ಇದರಲ್ಲಿ ಪ್ರೀತಿಯಿದೆ, ಆದರೆ ಅಪಾಯವೂ ಇದೆ. ನಾಲ್ಕು ಲಕ್ಷ ರೂಪಾಯಿ ಸಾಲವನ್ನು ನೂರಕ್ಕೆ 10ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತೆಗೆದರೆ ತಿಂಗಳ ಕಂತು ಸುಮಾರು 8,500 ರೂಪಾಯಿ. ಸಾಲ ತೀರುವ ಹೊತ್ತಿಗೆ ಬಡ್ಡಿಯೇ ಒಂದು ಲಕ್ಷ ಮೀರಿರುತ್ತದೆ. ಅದರ ಮೇಲೆ ಪೆಟ್ರೋಲು, ವಿಮೆ, ಟಯರು, ರಿಪೇರಿ. ಮಳೆ ನೆಚ್ಚಿ ಕಡಲೆಕಾಯಿ ಬೆಳೆಯುವ ಮನೆಗೆ ಇದು ಸಣ್ಣ ಹೊರೆಯಲ್ಲ. ಕಂತು ಕಟ್ಟುವ ಭರದಲ್ಲಿ ಫಿಸಿಯೋಥೆರಪಿಯ ಫೀಸು ನಿಂತರೆ, ಅಣ್ಣ ತಂಗಿಯರ ಓದು ನಿಂತರೆ, ಕಾರು ಯಾರನ್ನು ಎಲ್ಲಿಗೆ ಮುಟ್ಟಿಸಿತು? ತನ್ನಿಂದಾಗಿ ಮನೆ ಸಾಲಕ್ಕೆ ಬಿತ್ತೆಂಬ ಭಾರ ಆ ಮಗುವಿನ ಮನಸ್ಸಿನ ಮೇಲೆ ಕೂರುತ್ತದೆ. ಕಾಲಿಲ್ಲದ ಮಗುವಿಗೆ ಕಿವಿಯಿಲ್ಲವೇ? ಅದು ಎಲ್ಲವನ್ನೂ ಕೇಳಿಸಿಕೊಳ್ಳುತ್ತದೆ.

ಹಾಗಾದರೆ ಮಾಡಬೇಕಾದ್ದೇನು? ಒಂದು ನೋಟ್‌ಬುಕ್ಕಿನಲ್ಲಿ ಮೂರು ತಿಂಗಳು ಲೆಕ್ಕ ಬರೆಯಿರಿ. ಮಗುವನ್ನು ಎಲ್ಲೆಲ್ಲಿಗೆ ಕರೆದೊಯ್ದಿರಿ, ಬಾಡಿಗೆ ಗಾಡಿಗೆ ಎಷ್ಟು ಕೊಟ್ಟಿರಿ, ಯಾವ ಯಾವ ದಿನ ಶಾಲೆ ತಪ್ಪಿತು, ಯಾವ ತಪಾಸಣೆಗೆ ಹೋಗಲಾಗಲಿಲ್ಲ. ತಿಂಗಳಿಗೊಮ್ಮೆ ಮಾತ್ರ ತುಮಕೂರಿಗೆ ಹೋಗುವವರಾದರೆ ನಂಬಿಕೆಯ ಚಾಲಕನ ಬಾಡಿಗೆ ಗಾಡಿಯೇ ಮೇಲು. ದಿನವೂ ಶಾಲೆಗೆ, ವಾರಕ್ಕೆ ಎರಡು ಬಾರಿ ವ್ಯಾಯಾಮಕ್ಕೆ ಹೋಗಬೇಕಾದವರಿಗೆ ಸ್ವಂತ ಗಾಡಿ ಅಗತ್ಯದ ಪಟ್ಟಿಗೆ ಸೇರುತ್ತದೆ. ಅದು ಸೆಕೆಂಡ್‌ಹ್ಯಾಂಡ್ ಆದರೆ ನಾಚಿಕೆಪಡಬೇಕಾದ್ದೇನೂ ಇಲ್ಲ.

ಯಾವುದು ತಕ್ಕ ಗಾಡಿ?

ಕಂಪನಿಯ ಹೆಸರು ಆಮೇಲೆ ಇರಲಿ. ಮೊದಲು ಮಗುವನ್ನೂ ಅದರ ವೀಲ್‌ಚೇರನ್ನೂ ಜೊತೆಗೆ ಕರೆದುಕೊಂಡು ಗಾಡಿ ನೋಡಲು ಹೋಗಿ. ಎಷ್ಟೋ ಮನೆಗಳಲ್ಲಿ ಅಪ್ಪನೂ ಮಾವನೂ ಹೋಗಿ ಕಾರು ಆರಿಸಿ ತರುತ್ತಾರೆ. ಅದರಲ್ಲಿ ದಿನವೂ ಹತ್ತಿ ಇಳಿಯಬೇಕಾದ ಮಗುವನ್ನೂ, ಹತ್ತಿಸಿ ಇಳಿಸಬೇಕಾದ ತಾಯಿಯನ್ನೂ ಯಾರೂ ಕೇಳಿರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 4ನೇ ಕಲಮು, ತಮಗೆ ಸಂಬಂಧಿಸಿದ ಎಲ್ಲ ವಿಷಯಗಳಲ್ಲಿ ಅಭಿಪ್ರಾಯ ಹೇಳುವ ಹಕ್ಕು ಇಂಥ ಮಕ್ಕಳಿಗೆ ಸಮಾನವಾಗಿ ಸಿಗುವಂತೆ ನೋಡಿಕೊಳ್ಳಬೇಕೆಂದು ಸರ್ಕಾರಕ್ಕೆ ವಿಧಿಸುತ್ತದೆ. ಸರ್ಕಾರಕ್ಕೆ ಕಾನೂನು ಹೇಳಿದ್ದನ್ನು ನಮಗೆ ಪ್ರೀತಿ ಹೇಳಬೇಡವೇ? ಮಾತು ಬಾರದ ಮಗುವಾದರೂ ಸೀಟಿನಲ್ಲಿ ಕೂರಿಸಿದಾಗ ಅದರ ಮುಖ ಉತ್ತರ ಹೇಳುತ್ತದೆ.

ಅಲ್ಲಿ ನೋಡಬೇಕಾದ ಕೆಲವು ಸಂಗತಿಗಳನ್ನು ಹೇಳುತ್ತೇನೆ. ಮೊದಲನೆಯದು ಸೀಟಿನ ಎತ್ತರ. ಕಾರಿನ ಸೀಟೂ ವೀಲ್‌ಚೇರಿನ ಸೀಟೂ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿದ್ದರೆ, ನುಣುಪಾದ ಗಟ್ಟಿ ಹಲಗೆಯೊಂದನ್ನು ಸೇತುವೆಯಂತೆ ಇಟ್ಟು ಮಗು ತಾನೇ ಜಾರಿಕೊಂಡು ಹೋಗಬಹುದು. ಊರಿನ ಬಡಗಿಯೇ ಅಂಥ ಹಲಗೆ ಮಾಡಿಕೊಡಬಲ್ಲ. ನೆಲಕ್ಕೆ ಅಂಟಿದಂತಿರುವ ಕಾರಿನಲ್ಲಿ ತಾಯಿ ಬೆನ್ನು ಬಗ್ಗಿಸಿ ಇಳಿಸಬೇಕು, ತೀರ ಎತ್ತರದ ದೊಡ್ಡ ಗಾಡಿಯಲ್ಲಿ ಎದೆಮಟ್ಟಕ್ಕೆ ಎತ್ತಬೇಕು. ಎರಡೂ ಬೆನ್ನಿಗೆ ಕೇಡು. ದೊಡ್ಡ ಗಾಡಿಯೇ ಒಳ್ಳೆಯದೆಂಬ ಎಣಿಕೆ ಇಲ್ಲಿ ತಪ್ಪುತ್ತದೆ.

ಎರಡನೆಯದು ಬಾಗಿಲು. ಅದು ಅಗಲವಾಗಿ ತೆರೆಯಬೇಕು. ಪಕ್ಕಕ್ಕೆ ಸರಿಯುವ ಬಾಗಿಲಾದರೆ ಸಂದಿಯಲ್ಲಿ ನಿಲ್ಲಿಸಿದಾಗಲೂ ಅನುಕೂಲ. ಈ ಕಾರಣಕ್ಕೇ ಹಿಂದೆ ಅನೇಕರು ಮಾರುತಿ ಓಮ್ನಿಯನ್ನು ಮೆಚ್ಚುತ್ತಿದ್ದರು. ಅದರ ತಯಾರಿಕೆ 2019ರಲ್ಲಿ ನಿಂತಿತು. ಹಳೆಯ ಓಮ್ನಿ ಅಗ್ಗಕ್ಕೆ ಸಿಕ್ಕಿತೆಂದು ಕೊಳ್ಳುವ ಮುನ್ನ ಯೋಚಿಸಿ. ಎದುರಿನಿಂದ ಪೆಟ್ಟು ಬಿದ್ದರೆ ತಡೆಯುವ ಜಾಗ ಅದರ ಮುಂಭಾಗದಲ್ಲಿ ಕಡಿಮೆ. ಸಿರಾದ ಮೇಲೆ ಹಾದುಹೋಗುವ 48ನೇ ಹೆದ್ದಾರಿಯಲ್ಲಿ ಲಾರಿಗಳ ನಡುವೆ ಓಡಿಸುವಾಗ ಇದನ್ನು ಮರೆಯುವಂತಿಲ್ಲ. 2010ರಲ್ಲಿ ಬಂದ ಈಕೋ ಗಾಡಿಗೂ ಸರಿಯುವ ಬಾಗಿಲುಗಳಿವೆ. ಎತ್ತರದ ಮೈಕಟ್ಟಿನ ವ್ಯಾಗನ್‌ಆರ್‌ನಂಥ ಸಣ್ಣ ಕಾರುಗಳಲ್ಲಿ ಹತ್ತಿ ಇಳಿಯುವುದು ಸುಲಭ. ಆ ಕಾರಿಗೆ ಬಾಗಿಲ ಕಡೆಗೆ ತಿರುಗುವ ಮುಂದಿನ ಸೀಟನ್ನು ಕಂಪನಿಯವರು 2025ರ ಡಿಸೆಂಬರ್‌ನಲ್ಲಿ ಕೆಲವು ನಗರಗಳಲ್ಲಿ ಒದಗಿಸತೊಡಗಿದರು. 2023ರ ಅಕ್ಟೋಬರ್‌ನಿಂದ ಭಾರತ್ ಎನ್‌ಕ್ಯಾಪ್ ಎಂಬ ಪರೀಕ್ಷೆಯಲ್ಲಿ ಗಾಡಿಗಳಿಗೆ ಸುರಕ್ಷತೆಯ ನಕ್ಷತ್ರ ಕೊಡುತ್ತಾರೆ. ಬಣ್ಣ ಕೇಳುವ ಮುನ್ನ ಅದನ್ನು ಕೇಳಿ.

ಮೂರನೆಯದು ಡಿಕ್ಕಿ. ವೀಲ್‌ಚೇರನ್ನು ಮಡಚಿ ಅಲ್ಲೇ ಇಟ್ಟು ನೋಡಿ, ಬಾಗಿಲು ಮುಚ್ಚುತ್ತದೆಯೇ ಎಂದು ಪರೀಕ್ಷಿಸಿ. ಖರ್ಚು ಉಳಿಯುತ್ತದೆಂದು ಸಿಎನ್‌ಜಿ ಗಾಡಿ ತೆಗೆದುಕೊಂಡರೆ ಅನೇಕ ಮಾದರಿಗಳಲ್ಲಿ ಸಿಲಿಂಡರೇ ಡಿಕ್ಕಿಯನ್ನು ತುಂಬಿಕೊಂಡಿರುತ್ತದೆ. ಆಮೇಲೆ ವೀಲ್‌ಚೇರು ಮನೆಯಲ್ಲೇ ಉಳಿಯುತ್ತದೆ, ಹೋದ ಕಡೆಯೆಲ್ಲ ಮಗುವನ್ನು ಮತ್ತೆ ಎತ್ತಬೇಕಾಗುತ್ತದೆ. ಲೀಟರಿನ ಲೆಕ್ಕದಲ್ಲಿ ಗೆದ್ದು ಮಗುವಿನ ಲೆಕ್ಕದಲ್ಲಿ ಸೋತಂತೆ.

ನಾಲ್ಕನೆಯದು ಬೆಲ್ಟು ಮತ್ತು ತಂಪು. ಮಗುವನ್ನು ಮುಂದಿನ ಸೀಟಿನಲ್ಲಿ ತೊಡೆಯ ಮೇಲೆ ಕೂರಿಸಿಕೊಳ್ಳಬೇಡಿ. ಬ್ರೇಕು ಬಿದ್ದಾಗ ಯಾವ ತಾಯಿಯ ಕೈಯೂ ಹಿಡಿದು ನಿಲ್ಲಿಸಲಾರದು. ಸೊಂಟ ನಿಲ್ಲದ ಮಗುವಿಗೆ ಎದೆಗೂ ಆಧಾರ ಬೇಕು. ಅದು ಹೇಗಿರಬೇಕೆಂದು ಫಿಸಿಯೋಥೆರಪಿಯವರನ್ನು ಕೇಳಿ. ಬೆನ್ನುಹುರಿಗೆ ಪೆಟ್ಟಾದ ಮಕ್ಕಳಲ್ಲಿ ಕೆಲವರಿಗೆ ಸೋತ ಭಾಗದಲ್ಲಿ ಬೆವರುವುದಿಲ್ಲ, ಬಿಸಿ ತಿಳಿಯುವುದೂ ಇಲ್ಲ. ಪಾವಗಡದ ಏಪ್ರಿಲ್ ಬಿಸಿಲಿನಲ್ಲಿ ಕಾದ ಬಕಲು ತಗುಲಿ ಚರ್ಮ ಸುಟ್ಟರೂ ಮಗು ಅಳದೆ ಇರಬಹುದು. ಅಂಥ ಮನೆಗೆ ಏಸಿ ಶೋಕಿಯಲ್ಲ.

ಕೊನೆಯದು ಕಾಲ. ಐದು ವರ್ಷದ ಮಗುವಿಗೆ ಕೊಂಡ ಕಾರು ಅದು ಹದಿನೈದಾದಾಗಲೂ ಉಪಯೋಗಕ್ಕೆ ಬರಬೇಕು. ಇಂದು ಕೈಹಿಡಿದು ನಡೆಯುವ ಮಗುವಿಗೆ ನಾಳೆ ವೀಲ್‌ಚೇರು ಬೇಕಾಗಬಹುದು. ಹೆಣ್ಣುಮಗುವಾದರೆ ದೊಡ್ಡವಳಾದ ಮೇಲೆ ಬೀದಿಯಲ್ಲಿ ಯಾರಾದರೊಬ್ಬರು ಎತ್ತಿ ಕೂರಿಸುವುದು ಅವಳಿಗೆ ಎಷ್ಟು ಸಂಕೋಚ ಎಂಬುದನ್ನು ತಾಯಂದಿರಿಗೆ ಹೇಳಬೇಕಾಗಿಲ್ಲ. ಗಾಡಿಯಲ್ಲಿ ಏನನ್ನಾದರೂ ಬದಲಿಸುವುದಿದ್ದರೆ ಮೆಕ್ಯಾನಿಕ್ಕಿನ ಬಳಿಗೆ ಹೋಗುವ ಮುನ್ನ ಆರ್‌ಟಿಓ ಕಚೇರಿಯಲ್ಲಿ ಕೇಳಿ, ವಿಮೆಯವರಿಗೂ ತಿಳಿಸಿ. ಕೆಎ 64 ಎಂಬ ಸಂಖ್ಯೆಯ ಕಚೇರಿ ಮಧುಗಿರಿಯಲ್ಲೇ ಇದೆ.

ಮಗುವಿನ ಹೆಸರಿನಲ್ಲಿ

ಈಗ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವ ಮಾತಿಗೆ ಬರುತ್ತೇನೆ. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಸಣ್ಣ ಕಾರುಗಳಿಗೆ ನೂರಕ್ಕೆ 28 ತೆರಿಗೆ ಇತ್ತು. ಶೇಕಡಾ 40ಕ್ಕೆ ಕಡಿಮೆಯಿಲ್ಲದ ಅಂಗವಿಕಲತೆಯ ಪ್ರಮಾಣಪತ್ರವಿದ್ದವರಿಗೆ ಅದು 18ಕ್ಕೆ ಇಳಿಯುತ್ತಿತ್ತು. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳಿಗೆ ಎಲ್ಲರಿಗೂ 18 ಆಯಿತು. ಬೇರೆ ರಿಯಾಯಿತಿಗಳೇನಿವೆ ಎಂದು ಕೊಳ್ಳುವ ಮುನ್ನ ಆರ್‌ಟಿಓ ಕಚೇರಿಯಲ್ಲೂ ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರಲ್ಲೂ ವಿಚಾರಿಸಿ. ಪಡೆಯಬೇಕಾದ್ದನ್ನು ಪಡೆಯುವುದು ತಪ್ಪಲ್ಲ, ಅದು ಮಗುವಿನ ಹಕ್ಕು.

ಆದರೆ ಮಗುವಿನ ಹೆಸರಿನಲ್ಲಿ ಪಡೆದದ್ದು ಮಗುವಿಗೆ ಸಲ್ಲಬೇಕು. ಹೀಗೊಂದು ಮನೆಯನ್ನು ಊಹಿಸಿಕೊಳ್ಳಿ. ಮಗುವಿಗೆಂದು ಕಾರು ಬಂತು. ತಿಂಗಳಿಗೊಮ್ಮೆ ಅದನ್ನು ಆಸ್ಪತ್ರೆಗೆ ಕರೆದೊಯ್ಯುತ್ತಾರೆ. ಉಳಿದಂತೆ ಮದುವೆ, ನಾಮಕರಣ, ಮಧುಗಿರಿಯ ಜಾತ್ರೆ, ಕ್ರಿಸ್ಮಸ್ ಪೂಜೆ, ಇವಕ್ಕೆಲ್ಲ ಮನೆಯವರು ಆ ಕಾರಿನಲ್ಲೇ ಹೋಗುತ್ತಾರೆ. ಮಗು ಅಜ್ಜಿಯ ಜೊತೆ ಮನೆಯಲ್ಲಿ. ಅಲ್ಲಿ ಜನ ಜಾಸ್ತಿ, ಅವನಿಗೆ ಸುಸ್ತಾಗುತ್ತದೆ ಎಂಬ ಕಾರಣ ಸಿದ್ಧವಾಗಿರುತ್ತದೆ. ನಿಜವಾದ ಕಾರಣ ಬೇರೆ ಇರಬಹುದು: ನೆಂಟರು ನೋಡುತ್ತಾರೆ, ಅಕ್ಕನಿಗೆ ಗಂಡು ನೋಡುವ ಕಾಲ, ಕೇಳುವವರಿಗೆ ಏನೆಂದು ಹೇಳುವುದು? ಈ ಮನೆಯವರು ಕೆಟ್ಟವರೇನಲ್ಲ. ಊರಿನ ಕಣ್ಣಿಗೆ ಅಂಜಿದವರು. ಆದರೂ ಆ ಅಂಜಿಕೆಯ ಬೆಲೆ ತೆರುವುದು ಕಿಟಕಿಯ ಬಳಿ ಕುಳಿತ ಮಗು.

ಆಸ್ಪತ್ರೆಗೆ ಮಾತ್ರ ಹೋಗುವ ಮಗು ತನ್ನನ್ನು ರೋಗಿಯೆಂದೇ ತಿಳಿಯುತ್ತದೆ. ಶಾಲೆಗೂ, ಸೋದರಮಾವನ ಮನೆಗೂ, ಸಿದ್ಧರಬೆಟ್ಟದ ತಪ್ಪಲಿಗೂ, ಭಾನುವಾರದ ಬಲಿಪೂಜೆಗೂ ಹೋಗುವ ಮಗು ತಾನು ಈ ಮನೆಯ ಮಗನೆಂದು, ಈ ಊರಿನವನೆಂದು ತಿಳಿಯುತ್ತದೆ. ತಕ್ಕ ಕಾರು ಯಾವುದೆಂಬುದಕ್ಕೆ ನನ್ನ ಅಳತೆ ಇದೇ. ಅದು ಮಗುವನ್ನು ಅಗತ್ಯವಿರುವ ಕಡೆಗಷ್ಟೇ ಅಲ್ಲದೆ ಆಸೆಯಿರುವ ಕಡೆಗೂ ಮುಟ್ಟಿಸಬೇಕು.

ಕೊಳ್ಳಲಾಗದವರು

ಇಷ್ಟೆಲ್ಲ ಓದಿದ ಮೇಲೆ, ನಮಗೆ ಸೈಕಲ್ಲಿಗೂ ಗತಿಯಿಲ್ಲ ಎನ್ನುವ ತಂದೆತಾಯಿ ಇದ್ದೀರಿ. ನಿಮ್ಮ ಪ್ರೀತಿಯಲ್ಲಿ ಏನೂ ಕಡಿಮೆಯಾಗಿಲ್ಲ. ಕಾರಿಲ್ಲದ್ದು ನಿಮ್ಮ ತಪ್ಪಲ್ಲ. ಶಾಲೆಗೆ ಹೋಗುವ ಇಂಥ ಮಕ್ಕಳಿಗೆ ಸಾರಿಗೆ ಭತ್ಯೆ, ಜೊತೆಗೆ ಹೋಗುವವರಿಗೆ ಬೆಂಗಾವಲು ಭತ್ಯೆ ಶಿಕ್ಷಣ ಇಲಾಖೆಯ ಯೋಜನೆಯಲ್ಲಿದೆ. ನಿಮ್ಮ ತಾಲ್ಲೂಕಿನ ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಯಲ್ಲಿ ಕೇಳಿ ಪಡೆಯಿರಿ.

ಉಳಿದ ಮಾತು ಕಾರಿರುವ ನಮ್ಮಂಥವರಿಗೆ. ಸಂತ ಮಾರ್ಕನ ಶುಭಸಂದೇಶದ ಎರಡನೆಯ ಅಧ್ಯಾಯದಲ್ಲಿ ಬರುವ ಪಾರ್ಶ್ವವಾಯು ಪೀಡಿತನ ಪ್ರಸಂಗ ನಿಮಗೆ ತಿಳಿದೇ ಇದೆ. ನಾಲ್ವರು ಅವನನ್ನು ಹೊತ್ತು ತಂದರು. ಜನಸಂದಣಿಯಲ್ಲಿ ಬಾಗಿಲು ಸಿಗಲಿಲ್ಲವೆಂದು ಹಿಂದಿರುಗಲಿಲ್ಲ. ಮಾಡು ಹತ್ತಿ, ಅದನ್ನು ತೆರೆದು, ಹಾಸಿಗೆಯ ಸಮೇತ ಯೇಸುಸ್ವಾಮಿಯ ಮುಂದೆ ಇಳಿಸಿದರು. ಆ ನಾಲ್ವರು ಅವನ ನೆಂಟರೆಂದು ಎಲ್ಲಿಯೂ ಬರೆದಿಲ್ಲ, ಅವರ ಹೆಸರೂ ನಮಗೆ ಗೊತ್ತಿಲ್ಲ. ಅವನಿಗೆ ಅವರೇ ವಾಹನವಾದರು, ಬಾಗಿಲನ್ನೂ ಅವರೇ ಮಾಡಿದರು.

ಭಾನುವಾರ ಬೆಳಿಗ್ಗೆ ನಮ್ಮ ಕಾರಿನ ಹಿಂದಿನ ಸೀಟು ಖಾಲಿ ಬರುತ್ತದೆ. ಅದೇ ದಾರಿಯಲ್ಲಿ ಒಂದು ಮನೆಯಲ್ಲಿ ತಾಯಿ ಮಗುವನ್ನು ಬಿಟ್ಟು ಪೂಜೆಗೆ ಬರಲಾರದೆ, ಕರೆದುಕೊಂಡೂ ಬರಲಾರದೆ ಉಳಿದಿರುತ್ತಾಳೆ. ಅವಳಾಗಿ ಕೇಳಲಿ ಎಂದು ಕಾಯಬೇಡಿ. ಕೇಳುವುದಕ್ಕೆ ಅವಳಿಗೆ ಸಂಕೋಚ. ಅಮ್ಮಾ, ಬರುವ ವಾರ ಏಳು ಗಂಟೆಗೆ ಬರುತ್ತೇನೆ, ಸಿದ್ಧವಾಗಿರಿ ಎಂದು ನೀವೇ ಹೇಳಿ. ಎತ್ತುವ ಮುನ್ನ ಹೇಗೆ ಎತ್ತಬೇಕು ಮಗಾ ಎಂದು ಮಗುವನ್ನೇ ಕೇಳಿ, ಅದಕ್ಕೆ ಗೊತ್ತಿರುತ್ತದೆ. ಧರ್ಮಕೇಂದ್ರದ ಪಾಲನಾ ಸಮಿತಿಯವರು ದೇವಾಲಯದ ಮೆಟ್ಟಿಲ ಪಕ್ಕದಲ್ಲಿ ಒಂದು ಇಳಿಜಾರು ದಾರಿ ಕಟ್ಟಿಸಲಿ. ಮೂರು ಮೆಟ್ಟಿಲಿನ ಪಕ್ಕ ಸಿಮೆಂಟು ಹಾಕಲು ದೊಡ್ಡ ನಿಧಿಯೇನೂ ಬೇಕಾಗಿಲ್ಲ. ಅದಿಲ್ಲದಿದ್ದರೆ ಎಂಥ ಒಳ್ಳೆಯ ಕಾರಿನಲ್ಲಿ ಬಂದ ಮಗುವೂ ಅಂಗಳದಲ್ಲೇ ಉಳಿಯುತ್ತದೆ.

ಕಾರು ಕೊಳ್ಳಲು ಯೋಚಿಸುತ್ತಿರುವ ತಂದೆತಾಯಿಗಳಿಗೆ ಕೊನೆಯದಾಗಿ ಒಂದೇ ವಿನಂತಿ. ಈ ಸಂಜೆ ಊಟಕ್ಕೆ ಕುಳಿತಾಗ ನಿಮ್ಮ ಮಗುವನ್ನು ಕೇಳಿ: ಕಾರು ಬಂದರೆ ಮೊದಲು ಎಲ್ಲಿಗೆ ಹೋಗಬೇಕೆಂದಿದ್ದೀಯ? ಅದು ಹೇಳುವ ಊರಿನ ಹೆಸರನ್ನು ಬರೆದಿಟ್ಟುಕೊಳ್ಳಿ. ಆಮೇಲೆ ಬೆಲೆಯ ಮಾತು ಶುರುಮಾಡಿ.